ನಿಯಂತ್ರಣ ಕೇಬಲ್‌ಗಳ ಕಡ್ಡಾಯ ತಪಾಸಣೆ: ಸುತ್ತಿದ ತಂತಿಯನ್ನು ಬಿಚ್ಚಲೇಬೇಕೇ?

ಬಾಲರೆಕ್ಕೆ:

ನಾವು ನಾಲ್ವರು ಸೇರಿ ಇಟ್ಟುಕೊಂಡಿರುವ ಒಂದು ಎಂಜಿನ್ನಿನ, ನಾಲ್ಕು ಆಸನಗಳ ವಿಮಾನಕ್ಕೆ ನಲವತ್ತು ವರ್ಷ ದಾಟಿದೆ. ಮೂತಿಯನ್ನು ಎತ್ತಿ ಇಳಿಸುವ ಬಾಲದ ಹಲಗೆಯಾದ ಎಲಿವೇಟರನ್ನು ಎಳೆಯುವ ಕೇಬಲ್‌ಗಳ ತುದಿಯಲ್ಲಿರುವ ಟರ್ಮಿನಲ್‌ಗಳನ್ನು (ಲೋಹದ ಜೋಡಣೆಗಳನ್ನು) ನಿಗದಿತ ಅವಧಿಗೊಮ್ಮೆ ಪರೀಕ್ಷಿಸಬೇಕೆಂಬ ಕಡ್ಡಾಯ ಸುರಕ್ಷತಾ ಆದೇಶ, ಏರ್‌ವರ್ದಿನೆಸ್ ಡೈರೆಕ್ಟಿವ್, ಅಂದರೆ ಹ್ಯಾಂಗರಿನ ಮಾತಿನಲ್ಲಿ ಎಡಿ, ನಮ್ಮ ವಿಮಾನಕ್ಕೆ ಅನ್ವಯಿಸುತ್ತದೆ. ಹಿಂದಿನ ಅವಧಿಯಲ್ಲಿ 'ಪರೀಕ್ಷಿಸಲಾಗಿದೆ, ದೋಷವಿಲ್ಲ' ಎಂದು ಲಾಗ್‌ಬುಕ್‌ನಲ್ಲಿ ದಾಖಲಾಗಿದೆ. ಈಗ ಮತ್ತೆ ಆ ಅವಧಿ ಬಂದಿದೆ.

ನಮ್ಮ ಪಾಲುದಾರರಲ್ಲಿ ಒಬ್ಬರ ಆಕ್ಷೇಪ ಹೀಗಿದೆ: ವಾರ್ಷಿಕ ತಪಾಸಣೆಯಲ್ಲಿ ಪ್ರತಿವರ್ಷವೂ ಕೇಬಲ್‌ಗಳನ್ನು ನೋಡುತ್ತಾರೆ, ಹಿಂದಿನ ಬಾರಿ ಏನೂ ಸಿಕ್ಕಿಲ್ಲ, ಸರಿಯಾಗಿ ಕೆಲಸ ಮಾಡುತ್ತಿರುವ ಟರ್ನ್‌ಬಕಲ್‌ಗೆ (ಕೇಬಲ್‌ನ ಬಿಗಿತ ಹೊಂದಿಸುವ ತಿರುಪಿಗೆ) ಅದು ಸಡಿಲವಾಗದಂತೆ ಸುತ್ತಿದ ಸೇಫ್ಟಿ ವೈರನ್ನು ಕತ್ತರಿಸಿ, ಕೇಬಲ್‌ನ ಬಿಗಿತವನ್ನು ಕೆಡಿಸಿ, ಮತ್ತೆ ಹೊಂದಿಸುವುದರಿಂದ ಇಲ್ಲದ ಅಪಾಯವನ್ನು ಬರಮಾಡಿಕೊಂಡಂತಾಗುತ್ತದೆ. ಕನ್ನಡಿ ಹಿಡಿದು ನೋಡಿ ಸಹಿ ಹಾಕಿಸಿದರೆ ಸಾಕೆಂಬುದು ಅವರ ಅಭಿಪ್ರಾಯ. ನೋಡದೆ ಸಹಿ ಹಾಕಿಸುವ ಮಾತನ್ನು ಅವರೂ ಆಡುತ್ತಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅವರ ಆಕ್ಷೇಪದಲ್ಲಿ ತಾಂತ್ರಿಕವಾಗಿ ಹುರುಳಿದೆಯೇ ಎಂದು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ನಿಧಾನಗತಿ:

ನಿಮ್ಮ ಪಾಲುದಾರರ ಆತಂಕವನ್ನು ಸೋಮಾರಿತನವೆಂದು ತಳ್ಳಿಹಾಕಬಾರದು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಕೋಸ್ಟಲ್ ಕಮಾಂಡ್‌ನ ಲಿಬರೇಟರ್ ವಿಮಾನಗಳ ದುರಸ್ತಿ ದಾಖಲೆಗಳನ್ನು ಜೀವವಿಜ್ಞಾನಿ ಸಿ. ಎಚ್. ವ್ಯಾಡಿಂಗ್ಟನ್ ಮತ್ತು ಅವರ ಸಂಗಡಿಗರು ಪರಿಶೀಲಿಸಿದಾಗ ವಿಚಿತ್ರವಾದ ಸಂಗತಿಯೊಂದು ಕಂಡುಬಂತು. 50 ಗಂಟೆಗಳಿಗೊಮ್ಮೆ ನಡೆಯುತ್ತಿದ್ದ ತಪಾಸಣೆಯಾದ ಕೂಡಲೇ ಅನಿರೀಕ್ಷಿತ ದುರಸ್ತಿಗಳು ಹೆಚ್ಚಾಗಿ, ಅನಂತರ ಕ್ರಮೇಣ ಇಳಿಯುತ್ತಿದ್ದವು. ತಪಾಸಣೆಯೇ ದೋಷಗಳನ್ನು ತಡೆಯುತ್ತಿದ್ದುದಾದರೆ ಅದರ ಬೆನ್ನಿಗೇ ದುರಸ್ತಿಗಳು ಏರಬಾರದಿತ್ತು.

ನಿಯಂತ್ರಣ ವ್ಯವಸ್ಥೆಯ ವಿಷಯದಲ್ಲಿ ಇದು ಇನ್ನೂ ಗಂಭೀರವಾದದ್ದು. 2003ರ ಜನವರಿ 8ರಂದು ಅಮೆರಿಕದ ಶಾರ್ಲೆಟ್‌ನಲ್ಲಿ ಬೀಚ್ 1900ಡಿ ವಿಮಾನವೊಂದು ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಬಿದ್ದು ಅದರಲ್ಲಿದ್ದ 21 ಮಂದಿಯೂ ಸತ್ತರು. ತೂಕವೂ ಭಾರಕೇಂದ್ರವೂ ಮಿತಿ ಮೀರಿದ್ದವು ಎಂಬುದು ನಿಜ. ಆದರೆ ಒಂದೆರಡು ದಿನಗಳ ಹಿಂದಷ್ಟೇ ನಡೆದ ನಿರ್ವಹಣೆಯಲ್ಲಿ ಎಲಿವೇಟರ್ ಕೇಬಲ್‌ನ ಟರ್ನ್‌ಬಕಲ್‌ಗಳನ್ನು ತಪ್ಪಾಗಿ ಹೊಂದಿಸಿದ್ದರಿಂದ ಮೂತಿಯನ್ನು ಇಳಿಸಲು ಬೇಕಾದಷ್ಟು ಚಲನೆಯೇ ಪೈಲಟ್‌ಗಳಿಗೆ ಉಳಿದಿರಲಿಲ್ಲ. ಅದೇ ವರ್ಷದ ಆಗಸ್ಟ್ 26ರಂದು ಹಯಾನಿಸ್‌ನಲ್ಲಿ ಅದೇ ಮಾದರಿಯ ಇನ್ನೊಂದು ವಿಮಾನ ಎಲಿವೇಟರ್ ಟ್ರಿಮ್‌ನ (ಮೂತಿಯನ್ನು ಬೇಕಾದ ಕೋನದಲ್ಲಿ ನಿಲ್ಲಿಸಲು ನೆರವಾಗುವ ಚಿಕ್ಕ ಪಟ್ಟಿ, ಅಂದರೆ ಟ್ಯಾಬ್‌ನ) ಕೇಬಲ್ ಬದಲಾಯಿಸಿದ ನಂತರದ ಮೊದಲ ಹಾರಾಟದಲ್ಲಿಯೇ ಸಮುದ್ರಕ್ಕೆ ಬಿತ್ತು. ಟ್ರಿಮ್ ತಿರುಗುಮುರುಗಾಗಿ ಕೆಲಸ ಮಾಡುತ್ತಿತ್ತು, ಪೈಲಟ್‌ಗಳಿಬ್ಬರೂ ಉಳಿಯಲಿಲ್ಲ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ ಎನ್ನುತ್ತಾರಲ್ಲ, ಅಂಥ ಕೆಲಸ ಇದು. ಆದೇಶ ಏನು ಹೇಳುತ್ತದೆಯೋ ಅಷ್ಟನ್ನು ಮಾಡಿ; ಅದಕ್ಕಿಂತ ಒಂದು ತಿರುಪನ್ನೂ ಹೆಚ್ಚಿಗೆ ಬಿಚ್ಚಬೇಡಿ.

ಹ್ಯಾಂಗರ್‌ಮೂಲೆ:

ನಿಧಾನಗತಿಯವರು ಕೊಟ್ಟ ಎರಡೂ ಉದಾಹರಣೆಗಳು ಸರಿಯಾಗಿವೆ. ಅವುಗಳಿಂದ ಎಳೆದ ತೀರ್ಮಾನವನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಲ್ಲಿ ಎಡವಿದ್ದು ಬಿಚ್ಚಿದ್ದರಲ್ಲಲ್ಲ, ಬಿಚ್ಚಿದ ಮೇಲೆ ಮಾಡಬೇಕಾಗಿದ್ದ ಪರೀಕ್ಷೆಗಳಲ್ಲಿ. ಶಾರ್ಲೆಟ್‌ನ ಪ್ರಕರಣದಲ್ಲಿ ಕೈಪಿಡಿಯ ಹಲವು ಹಂತಗಳನ್ನು ಬಿಟ್ಟುಬಿಡಲಾಗಿತ್ತು, ಮತ್ತು ಆ ಕೆಲಸವನ್ನು ಸ್ವತಂತ್ರವಾಗಿ ಪರಿಶೀಲಿಸಬೇಕಾಗಿದ್ದವರೇ ಮೆಕ್ಯಾನಿಕ್‌ಗೆ ಅದನ್ನು ಕಲಿಸುತ್ತಲೂ ಇದ್ದರು. ಕಲಿಸಿದವರೇ ಪರೀಕ್ಷಕರಾದರೆ ಎರಡು ಜೊತೆ ಕಣ್ಣುಗಳಿದ್ದೂ ದೃಷ್ಟಿ ಒಂದೇ ಆಗುತ್ತದೆ. ಹಯಾನಿಸ್‌ನಲ್ಲಿಯಂತೂ ಕೈಪಿಡಿಯ ಚಿತ್ರದಲ್ಲೇ ಟ್ರಿಮ್‌ನ ಉರುಳೆಯನ್ನು ಹಿಂದುಮುಂದಾಗಿ ತೋರಿಸಲಾಗಿತ್ತು. ಆದರೂ ಚಕ್ರವನ್ನು ತಿರುಗಿಸಿ, ಟ್ಯಾಬ್ ಯಾವ ಕಡೆಗೆ ಹೋಗುತ್ತದೆಂದು ಒಮ್ಮೆ ನೋಡಿದ್ದರೆ ತಪ್ಪು ನೆಲದ ಮೇಲೆಯೇ ಸಿಕ್ಕಿಬೀಳುತ್ತಿತ್ತು.

ಇನ್ನು 'ವಾರ್ಷಿಕ ತಪಾಸಣೆಯಲ್ಲಿ ಕೇಬಲ್ ನೋಡುತ್ತಾರೆ' ಎಂಬ ಮಾತಿಗೆ ಬರುತ್ತೇನೆ. ಹೌದು, ನೋಡುತ್ತೇವೆ. ಕೇಬಲ್‌ನ ಉದ್ದಕ್ಕೂ ಬಟ್ಟೆಯ ತುಂಡೊಂದನ್ನು ಎಳೆಯುತ್ತೇವೆ. ಮುರಿದ ಎಳೆಯಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ರಾಟೆಗಳ ಮೇಲೆ ಹಾದುಹೋಗುವ ಭಾಗವೇ ಮೊದಲು ಸವೆಯುವುದರಿಂದ ನಿಯಂತ್ರಣಗಳನ್ನು ಕೊನೆಯವರೆಗೆ ಚಲಿಸಿ, ರಾಟೆಯ ಮರೆಯಲ್ಲಿದ್ದ ತುಂಡನ್ನು ಹೊರಗೆ ತಂದು ನೋಡುತ್ತೇವೆ. ಒಳಗೆ ತುಕ್ಕು ಹಿಡಿದಿದೆಯೆಂಬ ಅನುಮಾನ ಬಂದರೆ ಬಿಗಿತವನ್ನು ಸಡಿಲಿಸಿ, ಎಳೆಗಳು ಬಾಯಿ ಬಿಡುವಂತೆ ಕೇಬಲನ್ನು ಬಾಗಿಸುತ್ತೇವೆ. ಟೆನ್ಷನ್ ಮೀಟರ್ ಹಾಕಿ, ಆ ದಿನದ ತಾಪಮಾನಕ್ಕೆ ತಕ್ಕ ಬಿಗಿತವಿದೆಯೇ ಎಂದು ಕೋಷ್ಟಕದೊಡನೆ ಹೋಲಿಸುತ್ತೇವೆ. ಟರ್ನ್‌ಬಕಲ್‌ನ ನಡುವಿನ ಕೊಳವೆಯಾದ ಬ್ಯಾರೆಲ್‌ನ ಎರಡೂ ತುದಿಗಳಲ್ಲಿ ಮೂರಕ್ಕಿಂತ ಹೆಚ್ಚು ತಿರುಪಿನ ಸುತ್ತುಗಳು ಹೊರಗೆ ಕಾಣುತ್ತಿಲ್ಲವಷ್ಟೇ ಎಂದು ಎಣಿಸುತ್ತೇವೆ. ಇಷ್ಟೆಲ್ಲ ಮಾಡಿದ ಮೇಲೂ ಒಂದು ಜಾಗ ಉಳಿದುಹೋಗುತ್ತದೆ: ಸೇಫ್ಟಿ ವೈರ್ ಸುತ್ತಿ ಮುಚ್ಚಿರುವ ಟರ್ಮಿನಲ್‌ನ ಮೈ. ತೇವವೂ ಧೂಳೂ ಹೋಗಿ ಸೇರುವುದು ಅಲ್ಲಿಯೇ, ಬಿರುಕು ಹುಟ್ಟುವುದೂ ಅಲ್ಲಿಯೇ. ವಾರ್ಷಿಕ ತಪಾಸಣೆ ರೂಢಿಯಂತೆ ತಲುಪದ ಜಾಗವನ್ನು ಹೆಸರಿಸಿ, 'ಇಲ್ಲಿ ನೋಡಿ' ಎಂದು ಹೇಳುವುದೇ ಎಡಿಯ ಕೆಲಸ. ಆದೇಶವು ತಂತಿಯನ್ನು ತೆಗೆದು ನೋಡಬೇಕೆಂದು ಹೇಳಿದ್ದರೆ, ಕನ್ನಡಿ ಹಿಡಿದು ತಂತಿಯನ್ನು ನೋಡಿದವರು ಆ ತಪಾಸಣೆಯನ್ನು ಮಾಡಿಲ್ಲ, ಅಷ್ಟೇ.

ಅಮೆರಿಕದ ವಾಯುಯಾನ ನಿಯಂತ್ರಕ ಸಂಸ್ಥೆಯಾದ ಎಫ್‌ಎಎ 2013ರಲ್ಲಿ ಪೈಪರ್ ಕಂಪನಿಯ ಪಿಎ-28 ವಿಮಾನ ಮತ್ತು ಅದರ ಸೋದರ ಮಾದರಿಗಳ ಸ್ಟೇಬಿಲೇಟರ್ ಕೇಬಲ್‌ಗಳ ಬಗ್ಗೆ ಹೊರಡಿಸಿದ ಆದೇಶದ ಹಿಂದೆಯೂ ಇದೇ ಕಥೆಯಿದೆ. ಸ್ಟೇಬಿಲೇಟರ್ ಎಂಬ ಬಾಲದ ಆ ಒಂದು ಮೇಲ್ಮೈಯೇ ಮೂತಿಯನ್ನು ಎತ್ತಿ ಇಳಿಸುವಂಥದ್ದು. ಅದನ್ನು ಎಳೆಯುವ ಕೇಬಲ್‌ನ ಟರ್ಮಿನಲ್ ತುಂಡಾದರೆ ಪೈಲಟ್‌ನ ಕೈಯಲ್ಲಿ ಉಳಿಯುವುದು ಟ್ರಿಮ್ ಮತ್ತು ಎಂಜಿನ್ನಿನ ಶಕ್ತಿ ಮಾತ್ರ.

ಲೋಹದೃಷ್ಟಿ:

ಟರ್ಮಿನಲ್‌ಗಳು ಬಿರುಕು ಬಿಡುವುದಕ್ಕೆ ಕಾರಣವೇನೆಂದು ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಹಳೆಯ ವಿಮಾನಗಳಲ್ಲಿ ಈ ಟರ್ಮಿನಲ್‌ಗಳನ್ನು ಹೆಚ್ಚಾಗಿ 303 ಎಸ್‌ಇ ಎಂಬ ದರ್ಜೆಯ ತುಕ್ಕುನಿರೋಧಕ ಉಕ್ಕಿನಿಂದ ಮಾಡುತ್ತಿದ್ದರು. ಲೇತ್ ಯಂತ್ರದಲ್ಲಿ ಸುಲಭವಾಗಿ ಕೊರೆಯಲು ಬರಲೆಂದು ಆ ಉಕ್ಕಿಗೆ ಸೆಲೆನಿಯಂ ಬೆರೆಸಿರುತ್ತಾರೆ. ಕೊರೆಯುವವರಿಗೆ ಅನುಕೂಲವಾದ ಅದೇ ಸೂಕ್ಷ್ಮ ಕಣಗಳು ಮುಂದೆ ತುಕ್ಕಿನ ಕುಳಿಗಳಿಗೆ ನೆಲೆಯಾಗುತ್ತವೆ. ಇದರ ಮೇಲೆ, ಕೇಬಲನ್ನು ಟರ್ಮಿನಲ್‌ನ ಒಳಗೆ ತೂರಿಸಿ ಸುತ್ತಲಿಂದ ಅದುಮಿ ಕೂಡಿಸುವಾಗ ಲೋಹದಲ್ಲಿ ಎಳೆತದ ಒತ್ತಡವೊಂದು ಶಾಶ್ವತವಾಗಿ ಉಳಿದುಬಿಡುತ್ತದೆ. ವಿಮಾನ ಹಾರದೆ ನಿಂತಿದ್ದರೂ ಆ ಒತ್ತಡ ಇದ್ದೇ ಇರುತ್ತದೆ. ಕೇಬಲ್‌ನ ಬಿಗಿತವೂ ಅದಕ್ಕೆ ಸೇರುತ್ತದೆ. ಒಗ್ಗದ ಲೋಹ, ಬಿಡದ ಒತ್ತಡ, ಕ್ಲೋರೈಡ್ ಬೆರೆತ ತೇವ, ಈ ಮೂರೂ ಒಂದೆಡೆ ಸೇರಿದಾಗ ಹುಟ್ಟುವ ಬಿರುಕನ್ನು ಒತ್ತಡದ ತುಕ್ಕುಬಿರುಕು ಎನ್ನಬಹುದು. ಸಾಮಾನ್ಯ ತುಕ್ಕಿನಲ್ಲಿ ಲೋಹ ತೆಳುವಾಗುತ್ತಾ ಹೋಗುವುದು ಕಣ್ಣಿಗೆ ಕಾಣುತ್ತದೆ. ಇಲ್ಲಿ ಹಾಗಿಲ್ಲ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆಯನ್ನು ಈ ಟರ್ಮಿನಲ್‌ಗಳನ್ನು ನೋಡಿಯೇ ಹೇಳಿದಂತಿದೆ: ಮೈಯೆಲ್ಲ ಹೊಳೆಯುತ್ತಿರುತ್ತದೆ, ಒಂದು ಕಂದು ಚುಕ್ಕೆಯ ಕೆಳಗೆ ಕೂದಲೆಳೆಯಂಥ ಗೆರೆ ಉದ್ದಕ್ಕೆ ಓಡಿರುತ್ತದೆ.

ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಈ ಬಿರುಕು ಹಾರಾಟದ ಗಂಟೆಗಳನ್ನಲ್ಲ, ಕ್ಯಾಲೆಂಡರನ್ನು ನೋಡಿ ಬೆಳೆಯುತ್ತದೆ. 2018ರ ಏಪ್ರಿಲ್‌ನಲ್ಲಿ ಡೇಟೋನಾ ಬೀಚ್‌ನಲ್ಲಿ ಪೈಪರ್ ಆ್ಯರೋ ವಿಮಾನವೊಂದರ ರೆಕ್ಕೆ ಕಳಚಿ ಇಬ್ಬರು ಸತ್ತ ಪ್ರಕರಣ ಇದಕ್ಕೆ ವ್ಯತಿರಿಕ್ತವಾದದ್ದು. ಅಲ್ಲಿ ರೆಕ್ಕೆಯ ಮುಖ್ಯ ತೊಲೆಯಾದ ಸ್ಪಾರ್ ಪದೇ ಪದೇ ಹೊರೆ ಹೊತ್ತು ದಣಿದು ಬಿರುಕು ಬಿಟ್ಟಿತ್ತು. ಹಾಗಾಗಿ ಆ ಬಳಿಕ ಬಂದ ಆದೇಶವು ಹಾರಾಟದ ಗಂಟೆಗಳನ್ನು, ಅದರಲ್ಲೂ ತರಬೇತಿಯಂಥ ಕಠಿಣ ಬಳಕೆಯ ಗಂಟೆಗಳನ್ನು, ಲೆಕ್ಕ ಹಾಕುತ್ತದೆ. 'ನಾವು ವರ್ಷಕ್ಕೆ ಹಾರುವುದೇ ಕಡಿಮೆ' ಎಂಬ ವಾದ ಸ್ಪಾರ್‌ನ ವಿಷಯದಲ್ಲಿ ನಡೆಯಬಹುದು, ಟರ್ಮಿನಲ್‌ನ ವಿಷಯದಲ್ಲಿ ನಡೆಯುವುದಿಲ್ಲ.

ಬಾಲರೆಕ್ಕೆ:

ಹಾಗಾದರೆ ಕಾಲಕಾಲಕ್ಕೆ ನೋಡುತ್ತಾ ಕೂರುವ ಬದಲು ಇಂತಿಷ್ಟು ವರ್ಷವಾದೊಡನೆ ಕೇಬಲ್‌ಗಳನ್ನೇ ಬದಲಾಯಿಸಬೇಕೆಂದು ಆದೇಶಿಸಬಹುದಿತ್ತಲ್ಲವೇ?

ಹ್ಯಾಂಗರ್‌ಮೂಲೆ:

ಆಸ್ಟ್ರೇಲಿಯಾದ ವಾಯುಯಾನ ಸುರಕ್ಷತಾ ಪ್ರಾಧಿಕಾರ ಕಳೆದ ದಶಕದಲ್ಲಿ ಹಾಗೆಯೇ ಮಾಡಿತು. ಈ ಬಗೆಯ ಉಕ್ಕಿನ ಟರ್ಮಿನಲ್‌ಗಳಿರುವ ಮುಖ್ಯ ನಿಯಂತ್ರಣ ಕೇಬಲ್‌ಗಳಿಗೆ 15 ವರ್ಷದ ಮಿತಿಯನ್ನು ಹಾಕಿತು. ಅಮೆರಿಕದಲ್ಲಿ ತಪಾಸಣೆಯ ಮಾರ್ಗವನ್ನು ಹಿಡಿದರು. ಕಾಣುವ ಬಿರುಕನ್ನು ಹುಡುಕುವುದೇ ಅಥವಾ ಕಾಣದ ಬಿರುಕಿಗೆ ಹೆದರಿ ತೆಗೆದೊಗೆಯುವುದೇ ಎಂಬಲ್ಲಿ ಪ್ರಾಮಾಣಿಕ ಭಿನ್ನಾಭಿಪ್ರಾಯಕ್ಕೆ ಎಡೆಯಿದೆ. ನನ್ನ ಕೈಯಲ್ಲಿ ಬಿಟ್ಟರೆ, ನಲವತ್ತು ವರ್ಷದ ಮೂಲ ಕೇಬಲನ್ನು ಭೂತಗನ್ನಡಿಯಲ್ಲಿ ನೋಡುತ್ತಾ ಒಂದು ದಿನ ಕಳೆಯುವುದಕ್ಕಿಂತ ಹೊಸದನ್ನು ಹಾಕುತ್ತೇನೆ.

ನಿಧಾನಗತಿ:

ಇಲ್ಲಿಯೇ ನನ್ನ ಹಳೆಯ ಅಸಮಾಧಾನವನ್ನೂ ಹೇಳಿಬಿಡುತ್ತೇನೆ. ಆದೇಶಗಳು ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯುತ್ತವೆ. ಪೈಪರ್‌ನ ಹಳೆಯ ಬಟ್ಟೆಹೊದಿಕೆಯ ವಿಮಾನಗಳ ರಡ್ಡರ್‌ನ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆಯ) ವಿಷಯವನ್ನು ನೋಡಿ. 2020ರಲ್ಲಿ ಅಲಾಸ್ಕಾದಲ್ಲಿ ಪಿಎ-12 ವಿಮಾನವೊಂದರ ರಡ್ಡರ್ ಮೇಲಿನ ಕೀಲಿನ ಹತ್ತಿರ ಮುರಿದು ಬಾಗಿತು. ರಡ್ಡರ್‌ನ ಕಂಬ 1025 ಎಂಬ ಸಾದಾ ಇಂಗಾಲದ ಉಕ್ಕಿನದಾಗಿತ್ತು. ಪೈಪರ್ 1970ರ ದಶಕದಲ್ಲಿ ಅದನ್ನು ಬಿಟ್ಟು ಹೆಚ್ಚು ಗಟ್ಟಿಯಾದ 4130 ಉಕ್ಕಿಗೆ ಬದಲಾಯಿಸಿಕೊಂಡಿತ್ತು. ಎಫ್‌ಎಎ 2023ರಲ್ಲಿ ಪ್ರಸ್ತಾಪಿಸಿದ ಆದೇಶದ ವ್ಯಾಪ್ತಿಗೆ ಬಂದದ್ದು ಸುಮಾರು 31 ಸಾವಿರ ವಿಮಾನಗಳು. ತೇಲುಗಾಲು ಕಟ್ಟಿಕೊಂಡು, ರಡ್ಡರ್‌ನ ನೆತ್ತಿಯ ಮೇಲೆ ದೀಪ ಹೊತ್ತು, ಹೆಚ್ಚಿನ ಶಕ್ತಿಯ ಎಂಜಿನ್ ಹಾಕಿಕೊಂಡು ದುಡಿಯುವ ವಿಮಾನಕ್ಕೂ, ಭಾನುವಾರ ಮಾತ್ರ ಹೊರಬರುವ ವಿಮಾನಕ್ಕೂ ಒಂದೇ ಮಾನದಂಡವೇ ಎಂದು ಮಾಲೀಕರು ಕೇಳಿದ್ದರಲ್ಲಿ ತಪ್ಪೇನಿದೆ? ಕಡ್ಡಾಯವೆಂಬ ಪದವನ್ನು ಧಾರಾಳವಾಗಿ ಬಳಸುತ್ತಾ ಹೋದರೆ ಜನ ಅದನ್ನು ಕಾಟಾಚಾರಕ್ಕೆ ಪಾಲಿಸಲು ತೊಡಗುತ್ತಾರೆ. ನಿಜವಾಗಿ ತುರ್ತಾದ ಆದೇಶ ಬಂದಾಗಲೂ ಅದೇ ಕಾಟಾಚಾರ ಮುಂದುವರಿಯುತ್ತದೆ.

ಹ್ಯಾಂಗರ್‌ಮೂಲೆ:

ಅಳತೆಯ ಮಾತು ಒಪ್ಪತಕ್ಕದ್ದೇ. ಅದಕ್ಕೆಂದೇ ಕರಡನ್ನು ಮೊದಲು ಪ್ರಕಟಿಸಿ ಅಭಿಪ್ರಾಯ ಕೇಳುತ್ತಾರೆ. ಆದೇಶ ಹೊರಬಿದ್ದ ಮೇಲೂ ಅಷ್ಟೇ ಸುರಕ್ಷಿತವಾದ ಬೇರೆ ವಿಧಾನವನ್ನು ತೋರಿಸಿ ಅನುಮತಿ ಪಡೆಯಬಹುದು. ಆದರೆ ತುರ್ತು ಎಂಬುದು ಹೇಗಿರುತ್ತದೆಂದು ನೆನಪಿಸುತ್ತೇನೆ. 2022ರ ಸೆಪ್ಟೆಂಬರ್ 4ರಂದು ವಾಷಿಂಗ್ಟನ್ ರಾಜ್ಯದ ಮ್ಯೂಟಿನಿ ಕೊಲ್ಲಿಯಲ್ಲಿ ಡಿಎಚ್‌ಸಿ-3 ಆಟರ್ ಎಂಬ ಒಂಟಿ ಎಂಜಿನ್ನಿನ ನೀರುವಿಮಾನ ಬಿದ್ದು ಹತ್ತು ಜನ ಸತ್ತರು. ಸಮುದ್ರದ ತಳದಿಂದ ತೆಗೆದ ಅವಶೇಷಗಳಲ್ಲಿ, ಬಾಲದ ಅಡ್ಡರೆಕ್ಕೆಯ ಕೋನವನ್ನು ಹಿಡಿದಿಡುವ ಟ್ರಿಮ್ ಆ್ಯಕ್ಚುಯೇಟರ್ ಎರಡು ತುಂಡಾಗಿ ಸಿಕ್ಕಿತು. ಅದು ಮುರಿದಿರಲಿಲ್ಲ, ತಿರುಪು ಬಿಚ್ಚಿಕೊಂಡಿತ್ತು. ಕ್ಲಾಂಪ್ ನಟ್ ತಿರುಗದಂತೆ ತಡೆಯಬೇಕಾಗಿದ್ದ ತಂತಿಯುಂಗುರ ಅದರ ಜಾಗದಲ್ಲಿ ಇರಲೇ ಇಲ್ಲ. ಎರಡೇ ತಿಂಗಳೊಳಗೆ ಎಲ್ಲ ಆಟರ್ ವಿಮಾನಗಳಲ್ಲೂ ಆ ಉಂಗುರ ಇದೆಯೇ ಎಂದು ನೋಡಿ ವರದಿ ಮಾಡಬೇಕೆಂಬ ಆದೇಶ ಬಂತು. ಪೈಲಟ್ ಹಾರಾಟಕ್ಕೆ ಮುನ್ನ ವಿಮಾನವನ್ನು ಹತ್ತು ಸುತ್ತು ಸುತ್ತಿದರೂ ಅವನ ಕಣ್ಣಿಗೆ ಬೀಳದ ಭಾಗವದು, ಮತ್ತು ಅದು ಕೈಕೊಟ್ಟರೆ ಅದರ ಹಿಂದೆ ಆಸರೆಯಾಗಿ ಇನ್ನೊಂದು ಭಾಗವಿರಲಿಲ್ಲ. ಈ ಎರಡು ಲಕ್ಷಣಗಳು ಕೂಡಿದಲ್ಲಿ ನಾನು ಅಂಗಿಯ ಅಳತೆಯ ಬಗ್ಗೆ ಜಗಳವಾಡುವುದಿಲ್ಲ.

ತರಗತಿಯ ಕಿಟಕಿ:

ನಾನು ಹಾರಾಟ ಕಲಿಸುವವನು. ಆದೇಶಗಳು ಮಾಲೀಕರಿಗೆ ಆಯ್ಕೆಯನ್ನೇ ಕೊಡುವುದಿಲ್ಲ ಎಂಬಂತೆ ಚರ್ಚೆ ಸಾಗುತ್ತಿದೆಯಾದ್ದರಿಂದ ಒಂದು ಉದಾಹರಣೆ. 1998ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಸ್ಪಿನ್ (ಸುರುಳಿ ಸುತ್ತುತ್ತಾ ಇಳಿಯುವ ಹಾರಾಟ) ಕಲಿಸುತ್ತಿದ್ದಾಗ ಸೆಸ್ನಾ 152 ವಿಮಾನವೊಂದು ಸುರುಳಿಯಿಂದ ಹೊರಬಾರದೆ ಸರೋವರಕ್ಕೆ ಬಿತ್ತು. ರಡ್ಡರ್ ತನ್ನ ಮಿತಿಯನ್ನು ದಾಟಿ ಹೋಗಿ ಅಲ್ಲಿಯೇ ಸಿಕ್ಕಿಹಾಕಿಕೊಂಡಿತ್ತು. ಚಲನೆಯನ್ನು ತಡೆಯಬೇಕಾದ ತಡೆಪಟ್ಟಿಯೇ ಬೋಲ್ಟಿನ ತಲೆಯನ್ನು ಹತ್ತಿ ಕೊಕ್ಕೆಯಂತೆ ಹಿಡಿದಿತ್ತು. 2009ರಲ್ಲಿ ಎಫ್‌ಎಎ ಹೊರಡಿಸಿದ ಆದೇಶವು ಸೆಸ್ನಾ 150 ಮತ್ತು 152ರ ಮಾಲೀಕರಿಗೆ ಎರಡು ದಾರಿಗಳನ್ನು ಕೊಟ್ಟಿತು: ಹೊಸ ಬಗೆಯ ರಡ್ಡರ್ ತಡೆಯನ್ನು ಹಾಕಿಸಿ, ಇಲ್ಲವೇ ಸ್ಪಿನ್ ಮತ್ತಿತರ ಕಸರತ್ತುಗಳನ್ನು ನಿಷೇಧಿಸುವ ಫಲಕವನ್ನು ಅಂಟಿಸಿ. ಅಪಾಯ ಯಾವ ಬಳಕೆಯಲ್ಲಿದೆಯೋ ಆ ಬಳಕೆಯನ್ನೇ ಬಿಟ್ಟುಬಿಡಲು ಅವಕಾಶ ಕೊಟ್ಟ ಈ ಆದೇಶ ನನಗೆ ಇಂದಿಗೂ ಮಾದರಿಯಾಗಿ ಕಾಣುತ್ತದೆ.

ಪೈಲಟ್‌ಗಳಿಗೆ ಇನ್ನೊಂದು ಮಾತು. ಹಾರಾಟಕ್ಕೆ ಮುಂಚೆ ನಿಯಂತ್ರಣಗಳು 'ಸರಾಗವಾಗಿ ಮತ್ತು ಸರಿಯಾಗಿ' ಚಲಿಸುತ್ತವೆಯೇ ಎಂದು ನೋಡಬೇಕು. ಸರಾಗವಾಗಿವೆಯೇ ಎಂದು ಎಲ್ಲರೂ ನೋಡುತ್ತಾರೆ. ಸರಿಯಾಗಿವೆಯೇ ಎಂದು ನೋಡುವವರು ವಿರಳ. ಯೋಕ್ (ವಿಮಾನದ ಸ್ಟಿಯರಿಂಗ್) ಹಿಡಿದ ಕೈಯ ಹೆಬ್ಬೆರಳನ್ನು ಮೇಲಕ್ಕೆ ಚಾಚಿ ತಿರುಗಿಸಿದರೆ, ಹೆಬ್ಬೆರಳು ವಾಲಿದ ಕಡೆಯ ಐಲೆರಾನ್, ಅಂದರೆ ರೆಕ್ಕೆಯ ಹಿಂಬದಿಯ ಚಲಿಸುವ ಹಲಗೆ, ಮೇಲೆದ್ದಿರಬೇಕು. 2018ರ ನವೆಂಬರ್‌ನಲ್ಲಿ ಪೋರ್ಚುಗಲ್‌ನಲ್ಲಿ ದೊಡ್ಡ ನಿರ್ವಹಣೆ ಮುಗಿಸಿ ಹೊರಟ ಎಂಬ್ರೇಯರ್ ಜೆಟ್ ಒಂದರಲ್ಲಿ ಐಲೆರಾನ್ ಕೇಬಲ್‌ಗಳೇ ಅದಲುಬದಲಾಗಿದ್ದವು. ಸಿಬ್ಬಂದಿ ಬಹಳ ಹೊತ್ತು ಹೆಣಗಿ ಅದನ್ನು ನೆಲಕ್ಕೆ ತಂದರು. ಸಣ್ಣ ವಿಮಾನದ ಮಾತಲ್ಲವಾದರೂ ಕೇಬಲ್‌ಗೆ ವಿಮಾನದ ಗಾತ್ರ ಗೊತ್ತಿರುವುದಿಲ್ಲ.

ದಾಖಲೆಪೆಟ್ಟಿಗೆ:

ಕಾಗದದ ಕಡೆಯಿಂದ ಎರಡು ಮಾತು. ಅಮೆರಿಕದ ನಿಯಮಗಳಲ್ಲಿ ತಯಾರಕರು ಹೊರಡಿಸುವ ನಿರ್ವಹಣಾ ಸೂಚನೆ, ಅಂದರೆ ಸರ್ವಿಸ್ ಬುಲೆಟಿನ್, ಖಾಸಗಿ ಮಾಲೀಕರಿಗೆ ತಾನಾಗಿಯೇ ಕಡ್ಡಾಯವಾಗುವುದಿಲ್ಲ. ಅದರ ಕೆಲಸವನ್ನು ಎಡಿ ತನ್ನೊಳಗೆ ಸೇರಿಸಿಕೊಂಡ ಕ್ಷಣದಿಂದ ಅದು ಕಾನೂನು. ಆದೇಶವನ್ನು ಪಾಲಿಸದ ವಿಮಾನವನ್ನು ಹಾರಿಸಿದ ಪ್ರತಿ ಸಲವೂ ಪ್ರತ್ಯೇಕ ಉಲ್ಲಂಘನೆಯಾಗುತ್ತದೆ. ಹೊಣೆ ಮೊದಲು ಮಾಲೀಕನದು ಅಥವಾ ವಿಮಾನ ನಡೆಸುವವನದು, ಮೆಕ್ಯಾನಿಕ್‌ನದಲ್ಲ. ದಾಖಲೆಯಲ್ಲಿ ಆದೇಶದ ಸಂಖ್ಯೆ, ಪರಿಷ್ಕರಣೆಯ ದಿನಾಂಕ, ಪಾಲಿಸಿದ ವಿಧಾನ, ಮರುಕಳಿಸುವಂಥದ್ದಾದರೆ ಮುಂದಿನ ಗಡುವು ಇರಬೇಕು. ಬಾಲರೆಕ್ಕೆಯವರೇ, ನಿಮ್ಮ ಹಿಂದಿನ ನಮೂದಿನಲ್ಲಿ ವಿಧಾನವನ್ನು ಬರೆದಿದ್ದಾರೆಯೇ? 'ಪರೀಕ್ಷಿಸಲಾಗಿದೆ' ಎಂಬುದು ವಿಧಾನವಲ್ಲ.

ಬಾಲರೆಕ್ಕೆ:

ವಿಧಾನ ಬರೆದಿರಲಿಲ್ಲ. ಆ ಪ್ರಶ್ನೆ ಕೇಳಿದ್ದಕ್ಕೆ ಧನ್ಯವಾದಗಳು, ಏಕೆಂದರೆ ನಂತರ ನಡೆದುದಕ್ಕೆಲ್ಲ ಅದೇ ಮೂಲವಾಯಿತು.

ಕಳೆದ ವಾರ ಹಿಂಬದಿಯ ಆಸನಗಳನ್ನೂ ನೆಲದ ಹಲಗೆಗಳನ್ನೂ ತೆಗೆದು, ಬೇರೆ ಎಂಜಿನಿಯರ್ ಒಬ್ಬರ ಕೈಯಲ್ಲಿ ತಪಾಸಣೆ ಮಾಡಿಸಿದೆವು. ಸೇಫ್ಟಿ ವೈರನ್ನು ಕತ್ತರಿಸುವ ಮೊದಲು ಅವರು ನಮ್ಮನ್ನೆಲ್ಲ ಕರೆದು ದೀಪ ಹಿಡಿದು ತೋರಿಸಿದರು. ಇಪ್ಪತ್ತು ವರ್ಷಗಳ ಹಿಂದೆ, ವಿಮಾನ ನಮ್ಮ ಕೈಗೆ ಬರುವುದಕ್ಕೂ ಮೊದಲು, ಯಾರೋ ಬಾಲದ ಒಳಭಾಗಕ್ಕೆ ಹಸಿರು ಪ್ರೈಮರ್ ಸಿಂಪಡಿಸಿದ್ದರು. ಲಾಗ್‌ಬುಕ್‌ನಲ್ಲಿ ಅದರ ದಿನಾಂಕವಿದೆ. ಆ ಪ್ರೈಮರ್‌ನ ಹನಿಗಳು ತಂತಿಯ ಮೇಲಿಂದ ಟರ್ಮಿನಲ್‌ಗೆ ಎಲ್ಲಿಯೂ ತುಂಡಾಗದೆ ಹರಡಿಕೊಂಡಿದ್ದವು. ಅಂದರೆ ಆ ತಂತಿಯನ್ನು ಅಂದಿನಿಂದ ಯಾರೂ ಮುಟ್ಟಿಲ್ಲ. ಹಿಂದಿನ ಬಾರಿಯ 'ದೋಷವಿಲ್ಲ' ಎಂಬ ಷರಾ ತಂತಿಯ ಬಗ್ಗೆ ಬರೆದದ್ದಾಗಿತ್ತು, ಅದರ ಕೆಳಗಿನ ಲೋಹದ ಬಗ್ಗೆಯಲ್ಲ.

ನಾಲ್ಕು ಟರ್ಮಿನಲ್‌ಗಳಲ್ಲಿ ಮೂರು ಶುದ್ಧವಾಗಿದ್ದವು. ನಾಲ್ಕನೆಯದರಲ್ಲಿ ತಂತಿಯ ಸುತ್ತುಗಳ ಕೆಳಗೆ ಒಂದು ಕಂದು ಚುಕ್ಕೆ, ಹತ್ತು ಪಟ್ಟು ಹಿಗ್ಗಿಸುವ ಗಾಜಿನಲ್ಲಿ ನೋಡಿದಾಗ ಅದರೊಳಗೆ ಒಂದು ಕುಳಿ. ಬಿರುಕು ಎನ್ನಲು ಎಂಜಿನಿಯರ್ ಒಪ್ಪಲಿಲ್ಲ. ನಮಗೆ ಅನ್ವಯಿಸುವ ಆದೇಶದಲ್ಲಿ ಕುಳಿಗೂ ಬಿರುಕಿಗೂ ಮದ್ದು ಒಂದೇ ಆದ್ದರಿಂದ ಆ ವಾದವನ್ನು ನಾವು ಬೆಳೆಸಲಿಲ್ಲ. ಎರಡೂ ಕೇಬಲ್‌ಗಳನ್ನು ಬದಲಾಯಿಸುತ್ತಿದ್ದೇವೆ.

ನಿಧಾನಗತಿ:

ಒಳ್ಳೆಯದಾಯಿತು. ಕುಳಿಯಿದ್ದದ್ದು ತಂತಿಯ ಕೆಳಗೇ ಆದ್ದರಿಂದ, ಕನ್ನಡಿಯ ಮಾತನ್ನು ಸಮರ್ಥಿಸಿದಂತೆ ಕಾಣುವ ನನ್ನ ಮೊದಲ ಬರಹವನ್ನು ಆ ಮಟ್ಟಿಗೆ ಹಿಂತೆಗೆದುಕೊಳ್ಳುತ್ತೇನೆ. ಆದರೂ ಒಂದು ಪ್ರಶ್ನೆಯನ್ನು ಬಿಡಲಾರೆ: ಹೊಸ ಕೇಬಲ್ ಹಾಕಿದ ಮೇಲೆ ದಿಕ್ಕನ್ನೂ ಚಲನೆಯ ಕೋನವನ್ನೂ ಸ್ವತಂತ್ರವಾಗಿ ಪರೀಕ್ಷಿಸುವವರು ಯಾರು?

ಬಾಲರೆಕ್ಕೆ:

ಕೇಬಲ್ ಹಾಕುವಾಗ ಹ್ಯಾಂಗರಿನಲ್ಲೇ ಇರದ ಇನ್ನೊಬ್ಬ ಎಂಜಿನಿಯರನ್ನು ಗೊತ್ತುಮಾಡಿದ್ದೇವೆ. ಅವರು ಕೋನಮಾಪಕ ಹಿಡಿದು ಅಳೆದು, ಎರಡನೆಯ ಸಹಿ ಹಾಕುತ್ತಾರೆ. ಅದಾದ ಬಳಿಕ ನಾನು ಒಳಗೆ ಕುಳಿತು ಯೋಕ್ ಎಳೆಯುವಾಗ ಬಾಲದ ಪಕ್ಕದಲ್ಲಿ ನಿಂತು 'ಮೇಲೆ', 'ಕೆಳಗೆ' ಎಂದು ಕೂಗಿ ಹೇಳುವ ಕೆಲಸವನ್ನು, ಕನ್ನಡಿ ಸಾಕೆಂದಿದ್ದ ನಮ್ಮ ಪಾಲುದಾರರೇ ಕೇಳಿ ಪಡೆದುಕೊಂಡಿದ್ದಾರೆ.